ಗಡಿಯಾಚೆಯ ಪಗಾರ

ಬೀದರ ಜಿಲ್ಲೆಯ ಜನರಿಗೆ ಕಾರ್ಖಾನೆ ಕೆಲಸ ಕೊಡುವವರು ಯಾರು ಎಂಬ ಪ್ರಶ್ನೆಗೆ ಕಚೇರಿಯ ಕಡತದಲ್ಲಿ ಸಿಗುವ ಉತ್ತರ ಒಂದು, ಹುಮನಾಬಾದ್ ಸೀಮೆಯ ಕೊಡಂಬಲ ಗ್ರಾಮದ ಮನೆಗಳಲ್ಲಿ ಸಿಗುವ ಉತ್ತರ ಇನ್ನೊಂದು. ಕಡತದಲ್ಲಿ ಬೀದರ ಪಕ್ಕದ ಕೊಳಾರ, ಹುಮನಾಬಾದಿನ ಕೈಗಾರಿಕಾ ಪ್ರದೇಶ, ನಾಲ್ಕಾರು ಸಕ್ಕರೆ ಕಾರ್ಖಾನೆ ಇರುತ್ತವೆ. ಮನೆಗಳಲ್ಲಿ ಕೇಳಿಬರುವ ಹೆಸರುಗಳು ಜಹೀರಾಬಾದ್, ಸದಾಶಿವಪೇಟ, ಸಂಗಾರೆಡ್ಡಿ, ಪಟಾನ್‌ಚೆರು. ಎಲ್ಲವೂ ತೆಲಂಗಾಣದವು. ಹುಮನಾಬಾದ್ ಸೀಮೆಯಲ್ಲಿ ‘ಮಗ ಕಂಪನಿಗಿ ಹೋಗ್ಲತ್ತಾನ’ ಎಂದು ತಾಯಿ ಹೇಳಿದರೆ, ಆ ಕಂಪನಿ ಬೆಂಗಳೂರಿನದ್ದೆಂದು ಯಾರೂ ತಿಳಿಯುವುದಿಲ್ಲ. ಬೆಂಗಳೂರು ಇಲ್ಲಿಂದ 600 ಕಿಲೋಮೀಟರಿಗೂ ದೂರ. ಹೈದರಾಬಾದು ಸುಮಾರು 150. ಜಹೀರಾಬಾದಂತೂ 50ರ ಆಸುಪಾಸು.

ಹೈದರಾಬಾದ್ ಎಂಬ ಮಹಾನಗರ ಪಶ್ಚಿಮಕ್ಕೆ ಬೆಳೆದದ್ದೇ ನಮ್ಮ ಸೀಮೆಯನ್ನು ಹಾದುಹೋಗುವ ಪುಣೆ ಹೆದ್ದಾರಿಯ ಗುಂಟ. 1960ರ ದಶಕದಲ್ಲಿ ರಾಮಚಂದ್ರಾಪುರದಲ್ಲಿ ಬಿಎಚ್‌ಇಎಲ್ ಬಂತು. ಅದರಾಚೆ ಪಟಾನ್‌ಚೆರುವಿನಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ಸಾಲುಗಟ್ಟಿದವು. ಇನ್ನೂ ಇತ್ತ ಸದಾಶಿವಪೇಟದ ಬಳಿ ಎಂಆರ್‌ಎಫ್ ಟಯರ್ ಕಾರ್ಖಾನೆ. ಜಹೀರಾಬಾದಿನಲ್ಲಿ 1980ರ ದಶಕದಲ್ಲಿ ಆಲ್ವಿನ್ ನಿಸ್ಸಾನ್ ಹೆಸರಿನ ಸಣ್ಣ ಲಾರಿಗಳು ತಯಾರಾಗುತ್ತಿದ್ದವು. ಆಮೇಲೆ ಆ ಘಟಕ ಮಹೀಂದ್ರ ಕಂಪನಿಯ ಪಾಲಾಯಿತು. 2013ರಲ್ಲಿ ಅದೇ ಊರಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆಯೂ ಶುರುವಾಯಿತು. ದಶಕದಿಂದ ದಶಕಕ್ಕೆ ಕಾರ್ಖಾನೆಗಳು ನಮ್ಮ ಗಡಿಯ ಕಡೆಗೇ ಸರಿಯುತ್ತ ಬಂದಿವೆ. ಮಹಾನಗರವೆಂದರೆ ಅದರ ಪಾಲಿಕೆಯ ಎಲ್ಲೆಯಷ್ಟೇ ಎಂದುಕೊಂಡರೆ ಈ ಚಲನೆ ಕಾಣುವುದಿಲ್ಲ. ಬೆಳಗಿನ ಪಾಳಿಗೆ ಎಲ್ಲೆಲ್ಲಿಂದ ಜನ ಬರುತ್ತಾರೋ ಅಲ್ಲಿಯವರೆಗೂ ಆ ನಗರ ಚಾಚಿಕೊಂಡಿದೆ. ಈ ಲೆಕ್ಕದಲ್ಲಿ ಕೊಡಂಬಲ ಹೈದರಾಬಾದಿನ ಒಂದು ಅಂಚು.

ಹಾಗಿದ್ದರೆ ಆ ಕಾರ್ಖಾನೆಗೆ ‘ಸ್ಥಳೀಯ’ ಯಾರು? ನನ್ನ ವಾದ ಇಷ್ಟು: ಕಾರ್ಖಾನೆಗೂ ಕಾರ್ಮಿಕನ ಮನೆಗೂ ನಡುವಿನ ದಾರಿ ಇದನ್ನು ತೀರ್ಮಾನಿಸಬೇಕು, ರಾಜ್ಯದ ಗೆರೆಯಲ್ಲ. ಇದನ್ನು ಒಪ್ಪದವರು ಕರ್ನಾಟಕದಲ್ಲೂ ಇದ್ದಾರೆ, ತೆಲಂಗಾಣದಲ್ಲೂ ಇದ್ದಾರೆ. ಎರಡೂ ಕಡೆಯವರ ಕಾರಣಗಳು ತೂಕದವೇ ಆದ್ದರಿಂದ ಅವುಗಳಿಗೆ ಉತ್ತರ ಕೊಡಬೇಕು.

ನಮ್ಮ ಕಡೆಯಿಂದಲೇ ನೋಡೋಣ. ಕನ್ನಡಿಗರಿಗೆ ಉದ್ಯೋಗ ಎಂಬ ಬೇಡಿಕೆಗೆ ಸರೋಜಿನಿ ಮಹಿಷಿ ಸಮಿತಿಯ ವರದಿಯಿಂದ ಒಂದು ಗಟ್ಟಿ ರೂಪ ಬಂತು. ಬೆಂಗಳೂರಿನ ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಕನ್ನಡದವನೇ ಹೊರಗೆ ನಿಂತಿದ್ದ ಕಾಲದ ನೋವು ಅದರ ಹಿಂದಿತ್ತು, ಆ ನೋವು ನಿಜ. 2024ರ ಜುಲೈಯಲ್ಲಿ ರಾಜ್ಯ ಸಚಿವ ಸಂಪುಟ ಖಾಸಗಿ ವಲಯದ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ವಿಧೇಯಕಕ್ಕೆ ಒಪ್ಪಿತು. ಉದ್ಯಮಗಳ ಪ್ರತಿಭಟನೆ ಎದ್ದ ಕೂಡಲೇ ಅದನ್ನು ತಡೆಹಿಡಿಯಿತು. ಆ ದಿನಗಳ ಚರ್ಚೆಯೆಲ್ಲ ಬೆಂಗಳೂರಿನ ಐಟಿ ಕಂಪನಿಗಳ ಸುತ್ತಲೇ ಸುತ್ತಿತು. ನೆರೆರಾಜ್ಯವೂ ಇಂಥದೇ ಕಾನೂನು ತಂದರೆ ಬೀದರಿನ ಹುಡುಗರ ಗತಿ ಏನು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಇದು ಕಲ್ಪನೆಯ ಭಯವಲ್ಲ. ಆಂಧ್ರಪ್ರದೇಶ 2019ರಲ್ಲೇ ಶೇ 75ರ ಕಾನೂನು ಮಾಡಿತ್ತು. ಸ್ಥಳೀಯರನ್ನು ಹೆಚ್ಚು ತೆಗೆದುಕೊಳ್ಳುವ ಕಾರ್ಖಾನೆಗಳಿಗೆ ಹೆಚ್ಚಿನ ರಿಯಾಯಿತಿ ಕೊಡುವ ನೀತಿಯನ್ನು ತೆಲಂಗಾಣ 2020ರಲ್ಲಿ ಒಪ್ಪಿಕೊಂಡಿದೆ. ಹರಿಯಾಣದ ಇಂಥ ಕಾನೂನನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದು ಮಾಡಿತು, ಸರಿ. ಆದರೆ ಕೋರ್ಟು ಕಾನೂನನ್ನು ರದ್ದು ಮಾಡಬಹುದೇ ಹೊರತು ಗೇಟಿನಲ್ಲಿ ಆಧಾರ್ ಕಾರ್ಡಿನ ವಿಳಾಸ ಓದುವ ಕಣ್ಣನ್ನಲ್ಲ.

ಬೆಂಗಳೂರಿನಲ್ಲಿ ಗೆಲ್ಲುವ ಶೇ 70ರಲ್ಲಿ ಕೊಡಂಬಲಕ್ಕೆ ಸಿಗುವುದು ಅಷ್ಟಕ್ಕಷ್ಟೇ. ಜಹೀರಾಬಾದಿನಲ್ಲಿ ಸೋಲುವ ಶೇ 70ರಲ್ಲಿ ಹೋಗುವುದು ಮನೆಯ ಪಗಾರ.

ಇನ್ನು ಇತಿಹಾಸ. 1956ರ ನವೆಂಬರ್ 1ರವರೆಗೆ ಬೀದರ ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಜಿಲ್ಲೆ. ಜಹೀರಾಬಾದ್, ನಾರಾಯಣಖೇಡ ಎರಡೂ ಆಗ ಬೀದರ ಜಿಲ್ಲೆಯಲ್ಲೇ ಇದ್ದವು, ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೇದಕಕ್ಕೆ ಹೋದವು. ನಿಜಾಮನ ಕಾಲದ ಮುಲ್ಕಿ ನಿಯಮದ ಪ್ರಕಾರ ಸರ್ಕಾರಿ ನೌಕರಿಗೆ ಅರ್ಹನಾಗಲು ಸಂಸ್ಥಾನದಲ್ಲಿ ಹುಟ್ಟಿರಬೇಕಿತ್ತು, ಇಲ್ಲವೇ 15 ವರ್ಷ ನೆಲೆಸಿರಬೇಕಿತ್ತು. 1952ರಲ್ಲಿ ಮುಲ್ಕಿ ಅಲ್ಲದವರು ಹೊರಡಿ ಎಂದು ಹೈದರಾಬಾದಿನ ವಿದ್ಯಾರ್ಥಿಗಳು ಬೀದಿಗಿಳಿದಾಗ, ಸಿಟಿ ಕಾಲೇಜಿನ ಬಳಿ ಗೋಲಿಬಾರ್ ಆದಾಗ, ಬೀದರಿನವರು ಆ ಗೆರೆಯ ಒಳಗಿದ್ದ ಮುಲ್ಕಿಗಳು. ನಾಲ್ಕೇ ವರ್ಷದಲ್ಲಿ ಗೆರೆ ಬದಲಾಯಿತು, ಅದೇ ಮನೆ ಅದೇ ಹೊಲದಲ್ಲಿ ಕೂತವರು ಹೊರಗಿನವರಾದರು. 2024ರ ಕರ್ನಾಟಕದ ವಿಧೇಯಕದಲ್ಲೂ ಸ್ಥಳೀಯನ ಅಳತೆಗಳಲ್ಲಿ 15 ವರ್ಷದ ವಾಸ ಒಂದು. ಕನ್ನಡ ರಾಜ್ಯಕ್ಕೆ ಸೇರಿದ್ದು ನಮ್ಮ ಹಿರಿಯರು ಬಯಸಿ ಪಡೆದ ಭಾಗ್ಯ. ಅದರ ಬಗ್ಗೆ ನನಗೆ ಎರಡನೆಯ ಮಾತಿಲ್ಲ. ಆದರೆ ಭಾಷೆಗಾಗಿ ಎಳೆದ ಗೆರೆಯನ್ನೇ ಕೂಲಿಗೂ ಎಳೆದರೆ, ಆ ಭಾಗ್ಯಕ್ಕೆ ಗಡಿಯ ಊರುಗಳು ಮಾತ್ರ ಬೆಲೆ ತೆತ್ತಂತಾಗುತ್ತದೆ.

ನನ್ನ ಅಣ್ಣನ ಮಗ ಆ ಹೆದ್ದಾರಿಯ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಹೊತ್ತು ಮೂಡುವ ಮುಂಚೆ ಮೋಟರ್ ಸೈಕಲ್ಲಿನಲ್ಲಿ ಮನ್ನಾಎಖ್ಖೆಳ್ಳಿಗೆ ಹೋಗಿ, ಗಾಡಿಯನ್ನು ಪರಿಚಯದ ಹೋಟೆಲಿನ ಹಿಂದೆ ನಿಲ್ಲಿಸಿ, ಅಲ್ಲಿಂದ ಗುತ್ತೇದಾರ ಕಳಿಸುವ ಜೀಪು ಹತ್ತುತ್ತಾನೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ಒಮ್ಮೆ ಅವನ ಕೊರಳಿನ ಕಾರ್ಡು ತೆಗೆದು ನೋಡಿದೆ. ಕಂಪನಿಯ ಹೆಸರು ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು, ನಡುವೆ ದೊಡ್ಡದಾಗಿ ಇದ್ದದ್ದು ಆಳು ಪೂರೈಸುವ ಏಜೆನ್ಸಿಯ ಹೆಸರು. ಏಜೆನ್ಸಿ ಬದಲಾದಾಗಲೆಲ್ಲ ಕಾರ್ಡು ಬದಲಾಗುತ್ತದೆ, ಅವನ ಸೇವೆಯ ಲೆಕ್ಕ ಮತ್ತೆ ಮೊದಲಿನಿಂದ ಶುರು. ಯಂತ್ರ ಅದೇ, ಮೇಸ್ತ್ರಿ ಅದೇ, ನಿಲ್ಲುವ ಜಾಗವೂ ಅದೇ.

“ಕಾಕಾ, ಕಾಯಂ ಮಾಡ್ರಿ ಅಂತ ಕೇಳ್ಲಕ್ಕ ಹೋದ್ರ, ನೀ ಕರ್ನಾಟಕದಾಂವ, ಇಲ್ಲಿ ಮಂದಿಗೇ ಇಲ್ಲ ಅಂತಾರ. ನಮ್ಮ ಕಡಿ ಆಫೀಸರಿಗಿ ಹೇಳಿದ್ರ, ಆ ಕಂಪನಿ ನಮ್ಮ ಹದ್ದಿನಾಗಿಲ್ಲ ಅಂತಾರ” ಎಂದ.

ಈ ಮಾತಿನಲ್ಲಿ ಎರಡು ಸಂಗತಿಗಳಿವೆ. ಕಾಯಂ ಆಗದಿರುವುದು ಅವನೊಬ್ಬನ ಕಷ್ಟವಲ್ಲ. ಪಕ್ಕದಲ್ಲಿ ನಿಂತು ದುಡಿಯುವ ತೆಲಂಗಾಣದ ಹುಡುಗನೂ ಅದೇ ಏಜೆನ್ಸಿಯ ಕಾರ್ಡು ಹಾಕಿಕೊಂಡಿರುತ್ತಾನೆ. ಎರಡನೆಯದು ಮಾತ್ರ ಗಡಿಯವನದೇ ಕಷ್ಟ. ರಾತ್ರಿ ಮನೆಗೆ ಬಂದು ಮಲಗುವ ಅವನನ್ನು ಯಾರೂ ವಲಸೆ ಕಾರ್ಮಿಕ ಎಂದು ಎಣಿಸುವುದಿಲ್ಲ. ಗೆರೆಯಾಚೆಯವನಾದ್ದರಿಂದ ಸ್ಥಳೀಯನೆಂದೂ ಎಣಿಸುವುದಿಲ್ಲ. ಇಎಸ್‌ಐ ವಂತಿಗೆ ಜಮೆಯಾಗುವುದು ಒಂದು ರಾಜ್ಯದಲ್ಲಿ, ಜ್ವರ ಬಂದ ಮಗು ಇರುವುದು ಇನ್ನೊಂದು ರಾಜ್ಯದಲ್ಲಿ. ಅಂತರರಾಜ್ಯ ವಲಸೆ ಕಾರ್ಮಿಕರ ಕಾನೂನು 1979ರಲ್ಲಿ ಬಂತು. ಈಗ ಅದು 2025ರ ನವೆಂಬರಿನಲ್ಲಿ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಕರಗಿದೆ. ಆ ಕಾನೂನಿನ ಕಣ್ಣಮುಂದಿದ್ದದ್ದು ಒಡಿಶಾದಿಂದಲೋ ಬಿಹಾರದಿಂದಲೋ ಗಂಟುಮೂಟೆ ಕಟ್ಟಿಕೊಂಡು ಬರುವವನ ಚಿತ್ರ. ಬುತ್ತಿ ಕಟ್ಟಿಕೊಂಡು ಬರುವವನದಲ್ಲ.

ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂಬುದನ್ನು ಪಾಶಮೈಲಾರಂ ತೋರಿಸಿತು. ಪಟಾನ್‌ಚೆರು ಪಕ್ಕದ ಆ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರಲ್ಲಿ 2025ರ ಜೂನ್ 30ರ ಬೆಳಗ್ಗೆ ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಅನೇಕರು ಬಿಹಾರ, ಒಡಿಶಾದಂಥ ದೂರದ ರಾಜ್ಯಗಳಿಂದ ಬಂದವರು. ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆಯೇ ಬೇಕಾಯಿತು, ಕೆಲವು ಮನೆಯವರಿಗೆ ಕೊನೆಗೂ ದೇಹ ಸಿಗಲಿಲ್ಲ. ಇಂಥ ಹೊತ್ತಿನಲ್ಲಿ ಒಳಗೆ ಯಾರಿದ್ದರು, ಯಾವ ಊರಿನವರು ಎಂಬ ಲೆಕ್ಕ ಗೇಟಿನಲ್ಲೂ ಇರಬೇಕು, ಅವರ ಊರಿನ ತಹಶೀಲ್ದಾರರ ಬಳಿಯೂ ಇರಬೇಕು. ಹುಮನಾಬಾದ್ ಸೀಮೆಯಿಂದ ದಿನಾ ಗಡಿ ದಾಟಿ ಹೋಗುವವರ ಅಂಥ ಪಟ್ಟಿಯನ್ನು ಕೇಳುವ ಅಧಿಕಾರ ಇವತ್ತು ನಮ್ಮ ತಾಲ್ಲೂಕು ಕಚೇರಿಗೆ ಇಲ್ಲ.

ಇದಕ್ಕೆಲ್ಲ ಒಂದು ಸರಳ ಮದ್ದು ಹೇಳುವವರಿದ್ದಾರೆ: ಕಾರ್ಖಾನೆಗಳನ್ನು ಇಲ್ಲಿಗೇ ತನ್ನಿ. ತರಲಿ, ಬೇಡವೆನ್ನುವವರು ಯಾರು? ಆದರೆ ಇದ್ದದ್ದರ ಗತಿ ನೋಡಿ. ಹಳ್ಳಿಖೇಡದ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆ ಈ ಸೀಮೆಯ ಕಬ್ಬು ಬೆಳೆಗಾರರ ಷೇರಿನ ದುಡ್ಡಿನಲ್ಲಿ ಎದ್ದದ್ದು. ಅದರ ಗೇಟಿನಲ್ಲಿ ಎತ್ತಿನ ಬಂಡಿಗಳ ಸಾಲು ನಿಲ್ಲುತ್ತಿದ್ದದ್ದು ಈಗಿನ ನಡುವಯಸ್ಸಿನವರಿಗೆಲ್ಲ ನೆನಪಿದೆ. ಸಾಲದಲ್ಲಿ ಮುಳುಗಿ ಅದು ನಿಂತಾಗ ರೈತನ ಬಾಕಿಯೂ ಉಳಿಯಿತು, ನೌಕರನ ಪಗಾರವೂ ಉಳಿಯಿತು. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸುತ್ತಲಿನ ಊರುಗಳಲ್ಲಿ ಹೊಗೆ, ವಾಸನೆ, ಕೆಟ್ಟ ನೀರಿನ ದೂರುಗಳೇ ಹೆಚ್ಚು. ಸಂವಿಧಾನದ 371(ಜೆ) ಕಲಂ ನಮಗೆ ಕಾಲೇಜಿನ ಸೀಟು ಕೊಟ್ಟಿತು, ಸರ್ಕಾರಿ ಹುದ್ದೆ ಕೊಟ್ಟಿತು. ಎಷ್ಟೋ ಮನೆಗಳ ದೀಪ ಅದರಿಂದ ಬೆಳಗಿದೆ. ಕಾರ್ಖಾನೆಯ ಕೆಲಸ ಅದರ ಕೈಗೆ ನಿಲುಕುವಂಥದ್ದಲ್ಲ.

ಹುಮನಾಬಾದಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ, ನಾವು ಜಿಟಿಟಿಸಿ ಅನ್ನುತ್ತೇವೆ. ಅಚ್ಚು ತಯಾರಿಸುವ, ಯಂತ್ರ ನಡೆಸುವ ವಿದ್ಯೆ ಕಲಿಸುವ ಒಳ್ಳೆಯ ಸಂಸ್ಥೆ. ಇಲ್ಲಿ ಕರ್ನಾಟಕದ ತೆರಿಗೆದಾರನ ದುಡ್ಡಿನಲ್ಲಿ ಕಲಿತ ಕೈಗೆ ಹತ್ತಿರದ ದೊಡ್ಡ ಕಾರ್ಖಾನೆ ಇರುವುದು ಗೆರೆಯಾಚೆ. ಇದನ್ನು ನಷ್ಟವೆಂದು ಬರೆದುಕೊಳ್ಳುವುದು ತಪ್ಪು. ಆ ಹುಡುಗ ಅಲ್ಲಿ ದುಡಿದ ಪಗಾರ ಖರ್ಚಾಗುವುದು ಚಿಟಗುಪ್ಪಾದ ಸಂತೆಯಲ್ಲಿ, ಹುಮನಾಬಾದಿನ ಅಂಗಡಿಯಲ್ಲಿ, ಊರ ಮನೆಯ ಸ್ಲ್ಯಾಬಿನಲ್ಲಿ.

ಹೆಣ್ಣುಮಕ್ಕಳ ಮಾತು ಬೇರೆಯೇ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಭವಿಷ್ಯ ನಿಧಿಯ ನಿಯಮ ಬದಲಾಯಿಸಿದ್ದಕ್ಕೆ 2016ರ ಏಪ್ರಿಲಿನಲ್ಲಿ ಅವರು ರಸ್ತೆಗಿಳಿದು, ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಳ್ಳುವಂತೆ ಮಾಡಿದರು. ಕಾರ್ಖಾನೆಯ ಕೆಲಸದಿಂದ ಬರುವ ಆ ಬಲ ಕೊಡಂಬಲದ ಹೆಣ್ಣುಮಗಳಿಗೆ ಇಲ್ಲ, ನಸುಕಿನಲ್ಲಿ ಗುತ್ತೇದಾರನ ಜೀಪು ಹತ್ತುವ ದಾರಿಯೇ ಅವಳಿಗಿಲ್ಲ. ಅವಳಿಗೆ ತೊಗರಿ ಹೊಲದ ಕಳೆ, ಸೋಯಾ ಕೊಯ್ಲು. ನಿಗದಿತ ಸಮಯದ ಸರ್ಕಾರಿ ಬಸ್ಸು ಪಾಳಿಗೆ ಸರಿಯಾಗಿ ಗಡಿ ದಾಟಿದರೆ ಇದು ಬದಲಾದೀತು. ಆ ಬಸ್ಸು ಬಿಡಬೇಕಾದದ್ದು ಎರಡು ರಾಜ್ಯಗಳ ಸಾರಿಗೆ ಸಂಸ್ಥೆಗಳು ಕೂಡಿ.

ತೆಲಂಗಾಣದವರ ಆಕ್ಷೇಪಕ್ಕೆ ಬರುತ್ತೇನೆ, ಯಾಕೆಂದರೆ ಅದೇ ಗಟ್ಟಿಯಾದದ್ದು. ಜಹೀರಾಬಾದಿನ ಬಳಿ ಝರಾಸಂಗಂ ಮತ್ತು ನ್ಯಾಲಕಲ್ ಮಂಡಲಗಳಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ ಗುರುತಿಸಿದ ಭೂಮಿ ಸುಮಾರು 12,600 ಎಕರೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದೂ ಒಂದು, ಮೊದಲ ಹಂತಕ್ಕೆ 3,245 ಎಕರೆ. ನ್ಯಾಲಕಲ್ಲಿನಿಂದ ಬೀದರ ಜಿಲ್ಲೆಯ ಹೊಲಗಳು ಕಾಣುತ್ತವೆ. ಭೂಮಿ ಬಿಟ್ಟುಕೊಟ್ಟವರು ಅಲ್ಲಿನ ರೈತರು. ಜಮೀನು ನಮ್ಮದು, ನೌಕರಿ ನಿಮ್ಮದೇ ಎಂದು ಅವರು ಕೇಳಿದರೆ ಉತ್ತರ ಕೊಡದೆ ಮುಂದೆ ಹೋಗಲಾಗದು. ಭೂಮಿ ಕೊಟ್ಟ ಮನೆಗಳಿಗೆ ಮೊದಲ ಹಕ್ಕು ಇರಲಿ, ಅದೂ ಕಾಯಂ ಕೆಲಸದ ಹಕ್ಕು. ಅದಾದ ಮೇಲೆ ಕಾರ್ಖಾನೆಯಿಂದ, ಉದಾಹರಣೆಗೆ, 75 ಕಿಲೋಮೀಟರ್ ಒಳಗಿನ ಊರು ಯಾವ ರಾಜ್ಯದ್ದಾದರೂ ಸ್ಥಳೀಯವೆಂದೇ ಎಣಿಸಬೇಕು. ಇದು ಕೊಡು-ಕೊಳ್ಳುವ ಮಾತು. ಕೊಳಾರದ, ಹುಮನಾಬಾದಿನ ಕಾರ್ಖಾನೆಗಳಲ್ಲಿ ನ್ಯಾಲಕಲ್ಲಿನವನಿಗೂ, ಬಸವಕಲ್ಯಾಣದ ಆಟೋನಗರದ ಗ್ಯಾರೇಜುಗಳಲ್ಲಿ ಮಹಾರಾಷ್ಟ್ರದ ಉಮರ್ಗಾದವನಿಗೂ ನಾವು ಅದೇ ಜಾಗ ಕೊಡಬೇಕಾಗುತ್ತದೆ. ಕೊಡೋಣ. ಕನ್ನಡ, ತೆಲುಗು, ಮರಾಠಿ, ದಖನಿ ಮಾತಾಡುತ್ತ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದ ಜನಕ್ಕೆ ಇದು ಹೊಸದಲ್ಲ.

ಕಾಯಂ ಕೆಲಸ ಎಂಬುದು ಕೈಗೆಟುಕದ ಆಸೆಯೇನಲ್ಲ. ಬೆಂಗಳೂರನ್ನು ಬೆಂಗಳೂರು ಮಾಡಿದ್ದೇ ಅದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಈ ಕಾರ್ಖಾನೆಗಳು ಕೆಲಸದ ಜೊತೆಗೆ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಪಾಳಿಗೆ ಕರೆದೊಯ್ಯುವ ಬಸ್ಸು ಕೊಟ್ಟವು. 1980–81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ನಡೆಸಲು ಶಕ್ತಿ ಬಂದದ್ದು ಅವರ ಹೆಸರು ಕಾರ್ಖಾನೆಯದೇ ಹಾಜರಿ ಪುಸ್ತಕದಲ್ಲಿದ್ದದ್ದರಿಂದ. ಏಜೆನ್ಸಿಗಳ ನಡುವೆ ಹಂಚಿಹೋದ ಹುಡುಗರು ಒಂದು ದಿನ ಕೂಡ ಹಾಗೆ ಒಟ್ಟಿಗೆ ನಿಲ್ಲಲಾರರು.

ಜಹೀರಾಬಾದಿನ ಕೈಗಾರಿಕಾ ನಗರದಲ್ಲಿ ನಿವೇಶನ ಹಂಚುವಾಗ ಪ್ರತಿ ಕಾರ್ಖಾನೆಗೂ ಷರತ್ತುಗಳ ಪಟ್ಟಿ ಇರುತ್ತದೆ: ನೀರೆಷ್ಟು, ಹೊಗೆ ಎಷ್ಟು, ಹಸಿರು ಎಷ್ಟು. ಬೀದರ ಮತ್ತು ಸಂಗಾರೆಡ್ಡಿ ಜಿಲ್ಲಾಧಿಕಾರಿಗಳು ಈಗಲೇ ಒಂದು ಮೇಜಿನ ಮುಂದೆ ಕೂತರೆ ಆ ಪಟ್ಟಿಗೆ ಇನ್ನು ಮೂರು ಸಾಲು ಸೇರಿಸಬಹುದು. ವರ್ಷವಿಡೀ ನಡೆಯುವ ಯಂತ್ರದ ಮುಂದೆ ನಿಲ್ಲುವವನು ಕಂಪನಿಯ ಹಾಜರಿಯಲ್ಲೇ ಇರಬೇಕು. ಗಡಿಯ ಎರಡೂ ಬದಿಯ ತಾಲ್ಲೂಕು ಕಚೇರಿಗಳಿಗೆ ಕಾರ್ಮಿಕರ ಪಟ್ಟಿ ಪ್ರತಿ ತಿಂಗಳು ಹೋಗಬೇಕು. ಪಾಳಿಯ ಬಸ್ಸು ಮನ್ನಾಎಖ್ಖೆಳ್ಳಿಯವರೆಗೂ ಬರಬೇಕು. ನಿವೇಶನ ಹಂಚಿ ಮುಗಿದ ಮೇಲೆ ಕೇಳಿದರೆ ಇವುಗಳಲ್ಲಿ ಒಂದನ್ನೂ ಯಾವ ಕಂಪನಿಯೂ ಒಪ್ಪಿಕೊಳ್ಳುವುದಿಲ್ಲ.