ಸಹಿಸಿಕೊಳ್ಳುವುದೊಂದೇ ದಾರಿಯಲ್ಲ

ಋತುಬಂಧವು, ಅಂದರೆ ಮುಟ್ಟು ಶಾಶ್ವತವಾಗಿ ನಿಲ್ಲುವುದು, ಸಹಜವಾದ್ದರಿಂದ ಅದರ ಬಾಧೆಗಳನ್ನು ಸಹಿಸಿಕೊಳ್ಳಬೇಕು, ಕುಂದಿದ ಈಸ್ಟ್ರೋಜೆನ್ ಅನ್ನು ಔಷಧವಾಗಿ ಒದಗಿಸುವ ಹಾರ್ಮೋನ್ ಚಿಕಿತ್ಸೆಯಾದರೋ ಕ್ಯಾನ್ಸರ್ ತರುತ್ತದೆ ಎಂದು ಆರೋಗ್ಯ ಅಂಕಣಗಳಲ್ಲಿ ಮತ್ತೆ ಮತ್ತೆ ಅಚ್ಚಾಗುವ ವಾದವು ಅರ್ಧ ಸತ್ಯವನ್ನೇ ಪೂರ್ಣ ಸತ್ಯವೆಂದು ಮುಂದಿಡುತ್ತದೆ. ಈ ಭಯಕ್ಕೆ ಮೂಲವಾದ, 2002ರಲ್ಲಿ ಪ್ರಕಟವಾದ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಎಂಬ ಹಾರ್ಮೋನ್‌ಗಳನ್ನು ಒಟ್ಟಿಗೆ ಪಡೆದವರಲ್ಲಿ ವರ್ಷಕ್ಕೆ 10,000 ಮಂದಿಗೆ ಹೆಚ್ಚುವರಿಯಾಗಿ ಕಂಡುಬಂದ ಸ್ತನ ಕ್ಯಾನ್ಸರ್ ಪ್ರಕರಣಗಳು 8. ಪಾಲ್ಗೊಂಡವರ ಸರಾಸರಿ ವಯಸ್ಸು 63. ಭಾರತದಲ್ಲಿ ಮುಟ್ಟು ಸರಾಸರಿ 46–47ರ ಆಸುಪಾಸಿನಲ್ಲೇ ನಿಲ್ಲುವುದರಿಂದ ಆ ಲೆಕ್ಕವನ್ನು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸಲಾಗದು.

ಬೆಂಗಳೂರಿನ ಗೊರಗುಂಟೆಪಾಳ್ಯ, ಪೀಣ್ಯಗಳ ಗಾರ್ಮೆಂಟ್ಸ್‌ಗಳಲ್ಲಿ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್‌ಗೆ ಕಟ್ಟುಬಿದ್ದು, ಇಸ್ತ್ರಿ ಮೇಜಿನ ಹಬೆಯಲ್ಲಿ ದುಡಿಯುವ ಮಹಿಳೆಗೆ, ಋತುಬಂಧದಲ್ಲಿ ಇದ್ದಕ್ಕಿದ್ದಂತೆ ಮುಖ, ಕತ್ತುಗಳಿಗೆ ಬಿಸಿಯೇರಿ ಬೆವರು ಕಿತ್ತುಬರುವುದೂ ರಾತ್ರಿ ನಿದ್ದೆಗೆಡುವುದೂ ದುಡಿಮೆಯ ಪ್ರಶ್ನೆಗಳೇ ಆಗಿರುವಾಗ, ಸಹನೆಯ ಉಪದೇಶ ನಿರ್ದಯವಾದುದು.

ಹಾಗೆಂದು ಎಲ್ಲರಿಗೂ ಒಂದೇ ಉತ್ತರವಿಲ್ಲ: ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಅಥವಾ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ, ಕಾರಣ ತಿಳಿಯದ ರಕ್ತಸ್ರಾವವಿರುವವರಿಗೆ ಹಾರ್ಮೋನ್ ಚಿಕಿತ್ಸೆ ಸಾಮಾನ್ಯವಾಗಿ ಸಲ್ಲದು. ಗರ್ಭಕೋಶವಿರುವವರಿಗೆ ಅದರ ಒಳಪದರದ ಕ್ಯಾನ್ಸರ್ ತಡೆಯಲು ಈಸ್ಟ್ರೋಜೆನ್ ಜೊತೆಗೆ ಪ್ರೊಜೆಸ್ಟಿನ್‌ನಂಥ ಪ್ರೊಜೆಸ್ಟೋಜೆನ್ ಹಾರ್ಮೋನ್ ಇರಬೇಕು. ಉಳಿದವರಲ್ಲಿ 60 ವರ್ಷದೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಆರಂಭಿಸಿದರೆ, ಬಾಧೆ ತೀವ್ರವಾಗಿದ್ದಾಗ, ಅಪಾಯಕ್ಕಿಂತ ಲಾಭವೇ ಸಾಮಾನ್ಯವಾಗಿ ಹೆಚ್ಚೆಂಬುದು ಇಂದಿನ ವೈದ್ಯಕೀಯ ನಿಲುವು. ಈ ಲಾಭನಷ್ಟಗಳನ್ನು ಮಹಿಳೆಯು ವೈದ್ಯರೊಡನೆ ಕುಳಿತು ತೂಗಬೇಕೇ ಹೊರತು, ಅಂಕಣಕಾರರು ಆಕೆಯ ಪರವಾಗಿ ಮುಂಚಿತವಾಗಿಯೇ ತೀರ್ಪು ಬರೆದುಬಿಡಕೂಡದು.