ಜಲಕ್ರೀಡೆಯ ಪಾಠ ಮತ್ತು ಹೊಳೆಯ ಪರಿಚಯ

ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದೆಂದು ನಾವು ಕನ್ನಡ ಪಂಡಿತರು ತರಗತಿಯಲ್ಲಿ ಬೋಧಿಸುತ್ತ ಬಂದಿದ್ದೇವೆ. ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡಿ ಒಪ್ಪಿಸುತ್ತಾರೆ, ಅಂಕಗಳೂ ದೊರೆಯುತ್ತವೆ. ಆದರೆ ಬೋಧಿಸುವವರಲ್ಲಾಗಲಿ ಕಲಿಯುವವರಲ್ಲಾಗಲಿ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವರು ಎಷ್ಟು ಮಂದಿ? ಸುಳಿಯೆಂದರೆ ತಿರುಗುವ ನೀರು, ಮಡುವೆಂದರೆ ಆಳವಾದ ನೀರು, ಸೆಳವೆಂದರೆ ಎಳೆಯುವ ನೀರು ಎಂದು ಬರೆಯಿಸಿ ಮುಂದಿನ ಪದ್ಯಕ್ಕೆ ಸಾಗುತ್ತೇವೆ. ಹುಟ್ಟು ಎಂಬ ಪದಕ್ಕೆ ಜನ್ಮವೆಂಬ ಅರ್ಥವನ್ನು ಬಲ್ಲ ಬಾಲಕನು ದೋಣಿಯನ್ನು ನಡೆಸುವ ಸಾಧನಕ್ಕೂ ಅದೇ ಹೆಸರೆಂದರೆ ಬೆರಗಾಗಿ ನೋಡುತ್ತಾನೆ.

ಇದನ್ನು ಬರೆಯಲು ಕಾರಣವುಂಟು. ಕಳೆದ ಮಾಗಿಯಲ್ಲಿ ಗಣಿತದ ಅಧ್ಯಾಪಕರಾದ ಮಿತ್ರರೊಬ್ಬರೊಡನೆ, ಬೆನ್ನಿಗೊಂದೊಂದು ಚೀಲವನ್ನೇರಿಸಿಕೊಂಡು, ಉತ್ತರ ಕನ್ನಡದ ಕಾಡುಸೀಮೆಯನ್ನು ಸುತ್ತುವಾಗ ಒಂದು ದಿನವನ್ನು ಕಾಳಿ ನದಿಗೆ ಮೀಸಲಿಟ್ಟೆವು. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಉದಿಸಿ, ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಕಡಲನ್ನು ಸೇರುವ ನದಿಯಿದು. ದಾಂಡೇಲಿಗೆ ಸಮೀಪದ ಗಣೇಶಗುಡಿಯಲ್ಲಿ ಗಾಳಿ ತುಂಬಿದ ರಬ್ಬರಿನ ತೆಪ್ಪದಲ್ಲಿ ಕುಳಿತು ಬಂಡೆಗಳ ನಡುವಣ ರಭಸದಲ್ಲಿ ಇಳಿದು ಹೋಗುವ ರಾಫ್ಟಿಂಗ್ ಎಂಬ ಸಾಹಸ ಪ್ರಸಿದ್ಧವಾಗಿದೆ.

ಯಾನಕ್ಕೆ ಮೊದಲು ತೆಪ್ಪದ ನಾಯಕನಾದ ತರುಣನು ಮಾಡಿದ ಉಪದೇಶವನ್ನು ನಾನು ಮರೆಯಲಾರೆ. ನೀರಿಗೆ ಬಿದ್ದವನು ಎದ್ದು ನಿಲ್ಲಲು ಯತ್ನಿಸಕೂಡದು. ಪಾದವು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಪ್ರವಾಹವು ದೇಹವನ್ನು ಮುಂದಕ್ಕೆ ಬಾಗಿಸಿ ಮುಳುಗಿಸುತ್ತದೆ. ಬೆನ್ನ ಮೇಲೆ ತೇಲಬೇಕು, ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಬೇಕು. ನೀರು ನುಣುಪಾಗಿ ನಾಲಗೆಯಂತೆ ಕೆಳಮುಖವಾಗಿ ಚೂಪಾದರೆ ಅಲ್ಲಿ ದಾರಿಯುಂಟು. ಚೂಪು ಮೇಲ್ಮುಖವಾಗಿದ್ದರೆ ಅಲ್ಲಿ ಬಂಡೆ ಅಡಗಿದೆ. ಇದಿಷ್ಟನ್ನೂ ಆತನು ಹತ್ತು ನಿಮಿಷಗಳಲ್ಲಿ, ಒಂದೂ ವ್ಯರ್ಥಪದವಿಲ್ಲದೆ ಹೇಳಿ, ಪ್ರತಿಯೊಬ್ಬರಿಂದಲೂ ಮರಳಿ ಹೇಳಿಸಿದನು. ಬೋಧನಕ್ರಮದ ಶಿಬಿರಗಳಲ್ಲಿ ಇಷ್ಟು ಸ್ಪಷ್ಟವಾದ ಪಾಠವನ್ನು ನಾನು ಕೇಳಿದ್ದು ವಿರಳ. ನೀರಿನ ರಭಸವನ್ನು 6 ದರ್ಜೆಗಳಾಗಿ ವಿಂಗಡಿಸುವ ಅಂತರರಾಷ್ಟ್ರೀಯ ಕ್ರಮವೊಂದಿದೆ ಎಂಬುದನ್ನೂ ಅಲ್ಲಿಯೇ ತಿಳಿದೆವು. ಮಿತ್ರರು ಮೊದಲ ಇಳಿತದಲ್ಲಿ ಒಬ್ಬರೇ ಬಲವಾಗಿ ಹುಟ್ಟು ಹಾಕಿದ್ದರಿಂದ ತೆಪ್ಪವು ಅಡ್ಡ ತಿರುಗಿತು. ಎಲ್ಲರ ತೋಳು ಒಂದೇ ತಾಳಕ್ಕೆ ಬಂದ ಮೇಲೆ ಅದು ಕೋಲುನೇರ ಸಾಗಿತು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಆ ರಭಸವು ಕೇವಲ ಪ್ರಕೃತಿಯ ಕೊಡುಗೆಯಲ್ಲ. ಮೇಲೆ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಅಲ್ಲಿಂದ ನೀರು ಬಿಟ್ಟರೆ ತೆಪ್ಪ, ಬಿಡದಿದ್ದರೆ ಬಂಡೆ. ಪಂಢರಿಯು ಕಾಳಿಯನ್ನು ಕೂಡುವಲ್ಲಿದ್ದ ಹಳೆಯ ಸೂಪಾ ಪಟ್ಟಣವು ಆ ಜಲಾಶಯದಲ್ಲಿ ಮುಳುಗಿತು. ನಮ್ಮ ಮನೆಯ ದೀಪಕ್ಕೂ ಆ ದಿನದ ನಮ್ಮ ಉಲ್ಲಾಸಕ್ಕೂ ಮನೆಮಠಗಳನ್ನು ಬಿಟ್ಟು ಎದ್ದವರು ಇದ್ದಾರೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕನು ಇದನ್ನು ಹೇಳದೆ ತೆಪ್ಪವನ್ನೇರಿಸಿದರೆ ಅದು ಅರ್ಧಪಾಠ.

ನಮ್ಮ ಶಾಲೆಗಳ ವಾರ್ಷಿಕ ಪ್ರವಾಸಗಳಾದರೂ ಹೇಗೆ ನಡೆಯುತ್ತವೆ? ರಾತ್ರಿಯೆಲ್ಲ ಬಸ್ಸು, ಹಗಲೆಲ್ಲ ಸರತಿಯ ಸಾಲು. ನೀರು ಕಂಡರೆ ಕಂಬಿಯಾಚೆಯಿಂದ ದರ್ಶನ. ಅಂಬಿಗರ ಚೌಡಯ್ಯನ ಜಯಂತಿಯಂದು ನಾವು ಭಾಷಣ ಮಾಡುತ್ತೇವೆ. ತನ್ನ ಕಾಯಕದ ಹೆಸರನ್ನೇ ವಚನಗಳ ಅಂಕಿತದಲ್ಲಿರಿಸಿದ ಆ ಶರಣನ ಕಾಯಕವನ್ನು ಒಂದು ಗಳಿಗೆಯಾದರೂ ಕೈಯಾರೆ ಮಾಡಿ ನೋಡದ ಮಕ್ಕಳಿಗೆ ಆ ವಚನಗಳ ಕಸುವು ತಿಳಿಯುವುದೆಂತು? ತುಂಗಭದ್ರೆಯ ದಡದ ಚೌಡಯ್ಯದಾನಪುರಕ್ಕೆ ಹೋದವರೂ ಗುಡಿಯನ್ನು ನೋಡಿ ಬರುತ್ತಾರೆಯೇ ಹೊರತು ಹರಿಗೋಲನ್ನು ವಿಚಾರಿಸುವುದಿಲ್ಲ.

ಅನಾಹುತವಾದರೆ ಹೊಣೆ ಯಾರದು ಎಂದು ಪಾಲಕರೂ ಆಡಳಿತ ಮಂಡಳಿಯವರೂ ಕೇಳುವರು. ನ್ಯಾಯವಾದ ಪ್ರಶ್ನೆಯೇ. ಆದರೆ ನಿಷೇಧವು ರಕ್ಷಣೆಯಲ್ಲ. ನಾವು ಬೇಡವೆಂದ ಮಾತ್ರಕ್ಕೆ ಹುಡುಗರು ಕೆರೆ, ಕಾಲುವೆ, ಕಲ್ಲುಗಣಿಯ ಹೊಂಡಗಳಿಂದ ದೂರವುಳಿಯುವುದಿಲ್ಲ. ಯಾರಿಗೂ ಹೇಳದೆ, ಈಜು ತಿಳಿಯದೆ ಹೋಗುತ್ತಾರೆ. ಒಬ್ಬನು ಮುಳುಗಿದರೆ ಹಿಡಿಯಹೋದ ಇನ್ನೊಬ್ಬನೂ ಮುಳುಗುತ್ತಾನೆ. ಆದುದರಿಂದ ಮೊದಲು ಈಜು, ಅನಂತರ ಹೊಳೆ. ಪ್ರೌಢಶಾಲೆಯ ಮೇಲ್ತರಗತಿಯವರಿಗೆ ಮಾತ್ರ, ಮಳೆಗಾಲವನ್ನು ಬಿಟ್ಟು, ಪಾಲಕರ ಲಿಖಿತ ಸಮ್ಮತಿಯೊಡನೆ, ತರಬೇತಿ ಪಡೆದ ನಾಯಕರೊಡನೆ, ತೇಲುಕವಚ ಶಿರಸ್ತ್ರಾಣಗಳನ್ನು ಧರಿಸಿಯೇ ಈ ಯಾನ ನಡೆಯಬೇಕು. ತೆಪ್ಪದಲ್ಲಿ ನಿಯಮಕ್ಕಿಂತ ಒಬ್ಬನನ್ನು ಹೆಚ್ಚಾಗಿ ಕೂರಿಸಿದರೂ ಅಧ್ಯಾಪಕನು ಮಕ್ಕಳನ್ನು ಹಿಂದಕ್ಕೆ ಕರೆತರಬೇಕು. ಹೆಣ್ಣುಮಕ್ಕಳನ್ನು ದಡದಲ್ಲಿ ಕೂರಿಸಿ ಬುತ್ತಿ ಕಾಯಿಸುವ ಪ್ರವಾಸವಂತೂ ನನಗೆ ಸಮ್ಮತವಲ್ಲ.

ಶ್ರೀಮಠದ ಅನ್ನದಾಸೋಹಕ್ಕೂ ವಿದ್ಯಾದಾಸೋಹಕ್ಕೂ ದಾನಿಗಳು ಕೊರತೆ ಮಾಡಿದವರಲ್ಲ. ಕೊಠಡಿಗಳ ಗೋಡೆಯಲ್ಲಿ ಅವರ ಹೆಸರುಗಳಿವೆ, ಇರಬೇಕಾದದ್ದೇ. ಇನ್ನು ಮುಂದಿನ ದತ್ತಿಗಳಲ್ಲಿ ಒಂದೆರಡನ್ನಾದರೂ ಈಜುಕೊಳಕ್ಕೆ, ಅದಕ್ಕಿಂತ ಮೊದಲು ಒಬ್ಬ ಈಜುಶಿಕ್ಷಕ ಹಾಗೂ ಒಬ್ಬ ಈಜುಶಿಕ್ಷಕಿಯ ವೇತನಕ್ಕೆ ವಿನಿಯೋಗಿಸಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿಯೂ ಮಹಾಪೋಷಕರಲ್ಲಿಯೂ ವಿಜ್ಞಾಪಿಸುತ್ತೇನೆ. ಕೊಳವಾಗುವವರೆಗೆ ಸಮೀಪದ ನಗರದ ಕೊಳಕ್ಕೆ ವಾರಕ್ಕೊಮ್ಮೆ ಕರೆದೊಯ್ದರೂ ಸಾಕು. ಬೇಸಿಗೆ ರಜೆಗೆ ಮುನ್ನವೇ ಆಡಳಿತ ಮಂಡಳಿಯು ಇದನ್ನು ಪರಿಶೀಲಿಸುವುದು ಯುಕ್ತ. ಹುಡುಗರು ಕಾಲುವೆಯತ್ತ ಓಡುವುದು ಆ ರಜೆಯಲ್ಲಿಯೇ.