ಶಾಲೆಯ ನುಡಿ, ತೊಟ್ಟಿಲ ನುಡಿ

1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆಯು ಕಂಪನಿ ಸರಕಾರದ ವಶವಾಯಿತಾದರೂ, ಕಚೇರಿಯ ಕಡತಗಳಲ್ಲಿಯೂ ಮುಂದೆ ತೆರೆದ ಸರಕಾರಿ ಶಾಲೆಗಳಲ್ಲಿಯೂ ಬಹುಕಾಲ ಮರಾಠಿಯೇ ಮೆರೆಯಿತು. ಮನೆಯಲ್ಲಿ ಕನ್ನಡವಾಡುವ ರೈತರ, ನೇಕಾರರ ಮಕ್ಕಳು ಲೆಕ್ಕವನ್ನು ಬಿಡಿಸುವ ಮುನ್ನ ಲೆಕ್ಕವನ್ನು ಹೇಳಿದ ಮಾತನ್ನೇ ಬಿಡಿಸಬೇಕಾಗಿತ್ತು. ಬಿಡಿಸಲಾರದವನು ದಡ್ಡನೆನಿಸಿದನು, ಮರಾಠಿ ಬಲ್ಲವನಿಗೆ ಮಾಸ್ತರಿಕೆಯೂ ಕಾರಕೂನಿಕೆಯೂ ಸುಲಭವಾದುವು.

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಅಗ್ರಗಣ್ಯರು ಡೆಪ್ಯುಟಿ ಚನ್ನಬಸಪ್ಪನವರು (1833–1881). ಶಿಕ್ಷಣ ಇಲಾಖೆಯ ಅಧಿಕಾರಿಗಳಾಗಿ ಅವರು ಕನ್ನಡ ಶಾಲೆಗಳನ್ನು ತೆರೆಸಿದರು, ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು. ಷೇಕ್ಸ್‌ಪಿಯರನ ನಾಟಕವೊಂದನ್ನು ತಾವೇ ಕನ್ನಡಿಸಿದರು. ಅವರು ಕಾಲವಾಗಿ ಒಂಬತ್ತು ವರ್ಷಗಳ ತರುವಾಯ, 1890ರಲ್ಲಿ, ರಾ. ಹ. ದೇಶಪಾಂಡೆಯವರಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪನೆಗೊಂಡಿತು. ಶಾಲೆಯ ನುಡಿ ಬದಲಾದೊಡನೆ ಕುರ್ಚಿಯಲ್ಲಿ ಕೂಡುವವನೂ ಬದಲಾದನು.

ಇದನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ, ಸ್ಮರಿಸತಕ್ಕದ್ದೇ. ಆದರೆ ಇಂದು ವಿಜಯಪುರ, ಕಲಬುರಗಿ ಜಿಲ್ಲೆಗಳ ಲಂಬಾಣಿ ತಾಂಡಾಗಳಲ್ಲಿ ಅದೇ ಕಥೆ ಪಾತ್ರ ಬದಲಿಸಿ ನಿಂತಿದೆ. ತೊಟ್ಟಿಲಲ್ಲಿ ಲಂಬಾಣಿಯ ಜೋಗುಳ ಕೇಳಿದ ಕೂಸು ಒಂದನೆಯ ಇಯತ್ತೆಯಲ್ಲಿ ಕೇಳುವುದು ಕನ್ನಡವನ್ನು. ನಮಗೆ ತಾಯಿನುಡಿಯಾದುದು ಅದಕ್ಕೆ ಪರನುಡಿ. ಅದು ಬಾಯಿ ತೆರೆಯದೆ ಕುಳಿತರೆ ಮಂದಬುದ್ಧಿಯದೆಂದು ಎಣಿಸುವ ಮಾಸ್ತರರು ಈಗಲೂ ಇದ್ದಾರೆ. 2011ರ ಜನಗಣತಿಯಂತೂ ಲಂಬಾಣಿ ನುಡಿಯನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿತು! ಅದಕ್ಕೆ ಲಿಪಿಯಿಲ್ಲವೆಂದು ಕೆಲವರ ಆಕ್ಷೇಪ. ತುಳುವನ್ನೂ ಕೊಡವ ನುಡಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುತ್ತಿಲ್ಲವೇ?

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ವಿಧಿ ಹೇಳುತ್ತದೆ. ಈ ತಾಯಿನುಡಿಯ ನ್ಯಾಯವನ್ನೇ ಮುಂದಿಟ್ಟು ನಮ್ಮ ಸರಕಾರವು ಇಂಗ್ಲಿಷ್ ಮಾಧ್ಯಮದ ವಿರುದ್ಧ ವಾದಿಸಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಒಪ್ಪದೆ, ಮಾಧ್ಯಮದ ಆಯ್ಕೆ ಪಾಲಕರದೆಂದಾಗ ನೊಂದವರಲ್ಲಿ ನಾನೂ ಒಬ್ಬನು. ಆ ನ್ಯಾಯ ತಾಂಡಾದ ತಾಯಿಗೆ ಸಲ್ಲದೇ?

ಇದರಿಂದ ಕನ್ನಡಕ್ಕೆ ಕುಂದು ಬರುವುದೆಂಬ ಭಯ ನನಗಿಲ್ಲ. ಮೊದಲೆರಡು ವರ್ಷ ಲಂಬಾಣಿ ಬಲ್ಲ ಶಿಕ್ಷಕಿಯೊಬ್ಬಳು ಆ ನುಡಿಯಲ್ಲಿಯೇ ಕಥೆ ಹೇಳಿ, ಎಣಿಕೆ ಕಲಿಸಿ, ಮೆಲ್ಲನೆ ಕನ್ನಡಕ್ಕೆ ಕರೆತಂದರೆ ಸಾಕು. ಇಂಥ ಊರುಗಳ ಶಾಲಾಭಿವೃದ್ಧಿ ಸಮಿತಿಯಲ್ಲಿರುವ ನಮ್ಮ ಓದುಗ ಬಂಧುಗಳು, ಶಾಲೆ ತೆರೆಯುವ ಮುನ್ನ, ತಾಂಡಾದಲ್ಲಿ ಓದಿದ ಹೆಣ್ಣುಮಕ್ಕಳು ಯಾರಿದ್ದಾರೆಂದು ವಿಚಾರಿಸಿ ಮುಖ್ಯಾಧ್ಯಾಪಕರಿಗೆ ತಿಳಿಸಲಿ.